ಪತ್ರಿಕಾಕರ್ತ ಡಿ. ವಿ. ಗುಂಡಪ್ಪ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ನೆಯ ಇಸವಿಯಲ್ಲಿ, ಪ್ರಜಾಪ್ರತಿನಿಧಿ ಸಭೆ ಸ್ಥಾಪಿತವಾಯಿತು. ದಸರೆಯ ವೇಳೆಗೆ ತಾಲ್ಲೂಕು ತಾಲ್ಲೂಕುಗಳಿಂದ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದು, ತಮ್ಮ ತಮ್ಮ ಸೀಮೆಯ ಕಷ್ಟಸುಖಗಳನ್ನು ದಿವಾನರ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದರು. ಚಾಮರಾಜನಗರವೂ ಗುಂಡ್ಲುಪೇಟೆಯೂ ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಕೆರೆ, ರಸ್ತೆ, ಕಂದಾಯಗಳ ವಿಷಯವಾಗಿ ಸಭೆಯಲ್ಲಿ ಏನು ಮಾತು ನಡೆಯಿತು, ದಿವಾನರು ಏನು ಉತ್ತರ ಕೊಟ್ಟರು ಎಂಬುದು ಹಳ್ಳಿಯಲ್ಲಿ ಉಳಿದ ಬೇಸಾಯಗಾರನಿಗೆ ತಿಳಿಯುವ ಬಗೆ ಹೇಗೆ? ಅದನ್ನು ತಿಳಿಸಬಲ್ಲದ್ದು ವೃತ್ತಪತ್ರಿಕೆಯೊಂದೇ. ಓದು ಬಲ್ಲವನೊಬ್ಬನು ಜಗುಲಿಯ ಮೇಲೆ ಕುಳಿತು ಓದಿದರೆ ಹತ್ತು ಮಂದಿ ಕೇಳುತ್ತಿದ್ದ ಕಾಲ ಅದು. ಅಚ್ಚಾದುದು ನಿಜವೋ ಸುಳ್ಳೋ ಎಂದು ಮೈಸೂರಿಗೆ ಹೋಗಿ ವಿಚಾರಿಸಿ ಬರುವ ಅನುಕೂಲ ಆ ಕೇಳುಗರಿಗೆ ಇರಲಿಲ್ಲ. ಅವರು ಪತ್ರಿಕೆಯನ್ನು ನಂಬಲೇಬೇಕಾಗಿತ್ತು. ಹೀಗೆ ನಂಬಿದವರಿಗೆ ಬರೆಯುವವನು ಎಂಥವನಾಗಿರಬೇಕು ಎಂಬ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಆಳವಾಗಿ ಚಿಂತಿಸಿ, ಅದಕ್ಕೆ ತಕ್ಕಂತೆ ಬಾಳಿದವರಲ್ಲಿ ಡಿ. ವಿ. ಗುಂಡಪ್ಪನವರು ಅಗ್ರಗಣ್ಯರು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ನಾಡಿನ ಜನ ಅವರನ್ನು ಡಿ.ವಿ.ಜಿ. ಎಂದೇ ಬಲ್ಲರು. ಅವರ ಶಾಲೆಯ ಓದು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಹೊಟ್ಟೆಪಾಡಿಗಾಗಿ ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ಜಟಕಾ ಗಾಡಿಗಳಿಗೆ ಬಣ್ಣ ಹಾಕುವ ಕಡೆಯಲ್ಲಿಯೂ ಕೆಲಸ ಮಾಡಿದರು. ಪರೀಕ್ಷೆ ಕೈಬಿಟ್ಟರೂ ವಿದ್ಯೆ ಅವರನ್ನು ಬಿಡಲಿಲ್ಲ. ಸಂಸ್ಕೃತ, ಇಂಗ್ಲಿಷ್, ವೇದಾಂತ, ರಾಜ್ಯಶಾಸ್ತ್ರಗಳನ್ನು ಸ್ವಂತ ಶ್ರಮದಿಂದ ಕಲಿತರು. ಮುಂದೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಇಪ್ಪತ್ತರ ಹರೆಯದಲ್ಲಿಯೇ ಡಿ.ವಿ.ಜಿ. ಪತ್ರಿಕಾ ಕಾರ್ಯಾಲಯದ ಮೆಟ್ಟಿಲು ಹತ್ತಿದರು. ಅದು ಅಷ್ಟೇನೂ ಶುಭಕಾಲವಾಗಿರಲಿಲ್ಲ. 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಸರ್ಕಾರ ವೃತ್ತಪತ್ರಿಕೆಗಳ ಮೇಲೆ ಕಟ್ಟುನಿಟ್ಟಾದ ಕಾನೂನನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ನಡೆಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಸರ್ಕಾರದ ಕೈಯಲ್ಲಿತ್ತು. ಆಗ ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯನವರು ಎಂಬ ಹಿರಿಯರಿದ್ದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ಹೆಸರಾದ ಅವರನ್ನು ಜನ ಪ್ರೀತಿಯಿಂದ ತಾತಯ್ಯ ಎಂದು ಕರೆಯುತ್ತಿದ್ದರು. ತಲೆಬಾಗಿ ಪತ್ರಿಕೆ ನಡೆಸುವುದಕ್ಕಿಂತ ನಡೆಸದಿರುವುದೇ ಲೇಸೆಂದು ತಾತಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ವೃತ್ತಿಯ ಹೊಸ್ತಿಲಲ್ಲಿದ್ದ ತರುಣ ಡಿ.ವಿ.ಜಿ.ಯವರ ಕಣ್ಣೆದುರಿಗೆ ನಡೆದ ಸಂಗತಿ ಇದು. ಪತ್ರಿಕೆಗೆ ಸ್ವಾತಂತ್ರ್ಯವೆಂಬುದು ಅಲಂಕಾರವಲ್ಲ, ಉಸಿರು ಎಂಬುದನ್ನು ಅವರಿಗೆ ಬೇರೆ ಯಾರೂ ಬೋಧಿಸಬೇಕಾಗಿರಲಿಲ್ಲ.

1912ರಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. ಮರುವರ್ಷ, 1913ರಲ್ಲಿ, ಡಿ.ವಿ.ಜಿ. ಬೆಂಗಳೂರಿನಿಂದ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಅದು ವಾರಕ್ಕೆ ಎರಡು ಬಾರಿ ಹೊರಡುತ್ತಿತ್ತು. ಸಂಪಾದಕನ ಪರೀಕ್ಷೆ ನಡೆಯುವುದು ಇಂಥ ಸನ್ನಿವೇಶದಲ್ಲಿಯೇ. ದುಷ್ಟ ಅಧಿಕಾರಿಯನ್ನು ಟೀಕಿಸುವುದು ಅಷ್ಟು ಕಷ್ಟವಲ್ಲ, ಅದಕ್ಕೆ ಧೈರ್ಯವಿದ್ದರೆ ಸಾಕು. ಆದರೆ ವಿಶ್ವೇಶ್ವರಯ್ಯನವರು ದಕ್ಷರು, ಪ್ರಾಮಾಣಿಕರು, ನಾಡಿನ ಏಳಿಗೆಗೆ ಹಗಲಿರುಳು ದುಡಿದವರು, ಡಿ.ವಿ.ಜಿ.ಯವರ ಗುಣವನ್ನು ಕಂಡು ಮೆಚ್ಚಿದ್ದವರು. ಹಾಗೆ ಆದರಿಸುವ ದೊಡ್ಡವರ ಆಡಳಿತವನ್ನು ತೂಗಿ ನೋಡುವುದಕ್ಕೆ ಧೈರ್ಯದ ಜೊತೆಗೆ ಮತ್ತೊಂದು ಗುಣವೂ ಬೇಕು. ಡಿ.ವಿ.ಜಿ. ವಿಶ್ವೇಶ್ವರಯ್ಯನವರನ್ನು ಮನಸಾರೆ ಗೌರವಿಸಿದರು. ಭಿನ್ನಾಭಿಪ್ರಾಯವಿದ್ದ ಕಡೆ ಅದನ್ನು ಮರೆಮಾಚದೆ ಬರೆದರು. ಇದರಿಂದ ಸ್ನೇಹ ಕೆಡಲಿಲ್ಲ. ಇದು ಇಬ್ಬರಿಗೂ ಕೀರ್ತಿ ತರುವ ಮಾತು. ಯಾರ ಹೆಚ್ಚುಗಾರಿಕೆ ಎಷ್ಟೆಂದು ನಿರ್ಣಯಿಸುವುದು ಸುಲಭವಲ್ಲವಾದರೂ, ಟೀಕೆಯನ್ನು ಸಹಿಸಿದ ದಿವಾನರ ಪಾಲನ್ನು ನಾವು ಮರೆಯುವಂತಿಲ್ಲ.

ಪತ್ರಿಕೆ ಕೀರ್ತಿಯನ್ನು ತಂದಿತು, ಹಣವನ್ನು ತರಲಿಲ್ಲ. ‘ಕರ್ನಾಟಕ’ ಕೆಲವು ವರ್ಷ ನಡೆದು ನಿಂತಿತು. ಅನಂತರವೂ ಡಿ.ವಿ.ಜಿ. ಬೇರೆ ಬೇರೆ ಪತ್ರಿಕೆಗಳನ್ನು ನಡೆಸಿದರು, ನಷ್ಟಪಟ್ಟರು, ಮತ್ತೆ ನಡೆಸಿದರು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಮುಂದಿನ ಭಾರತದಲ್ಲಿ ಯಾವ ಸ್ಥಾನ ದೊರಕಬೇಕೆಂಬ ವಿಚಾರವನ್ನು ಅವರು ಬಿಡದೆ ಚರ್ಚಿಸಿದರು.

ಕರ್ನಾಟಕದ ಪತ್ರಿಕಾಕರ್ತರ ಮೊದಲನೆಯ ಸಮ್ಮೇಳನ 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದಾಗ ಅದರ ಅಧ್ಯಕ್ಷ ಪೀಠ ಡಿ.ವಿ.ಜಿ.ಯವರಿಗೆ ಮೀಸಲಾಯಿತು. ಬಾಗಲಕೋಟೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ಮೈಸೂರಿನವರೊಬ್ಬರನ್ನು ಅಲ್ಲಿಗೆ ಕರೆದುದು ಅವರ ಯೋಗ್ಯತೆಗೆ ಸಂದ ಮನ್ನಣೆ. ತಮ್ಮ ವೃತ್ತಿಯ ವಿಚಾರವನ್ನು ಅವರು ‘ವೃತ್ತಪತ್ರಿಕೆ’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಪತ್ರಿಕಾಕರ್ತನೂ ಒಬ್ಬ ಉಪಾಧ್ಯಾಯನೇ ಎಂಬುದು ಅವರ ಭಾವನೆ. ಅವನ ತರಗತಿಯ ಕೋಣೆಗೆ ಗೋಡೆಗಳಿಲ್ಲ, ಅಷ್ಟೇ. ಆದುದರಿಂದ ಅವನು ಮೊದಲು ತಾನು ಓದಬೇಕು. ಆಯವ್ಯಯದ ಲೆಕ್ಕ ತಿಳಿಯದವನು ಸರ್ಕಾರದ ತೆರಿಗೆಯನ್ನು ವಿಮರ್ಶಿಸಲಾರ. ರಾಜ್ಯಾಂಗದ ತತ್ತ್ವ ಅರಿಯದವನು ಪ್ರಜೆಯ ಹಕ್ಕನ್ನು ಕಾಯಲಾರ. ಡಿ.ವಿ.ಜಿ. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ಬರೆದುದರ ಹಿಂದೆ ಈ ಕಳಕಳಿಯೂ ಇದ್ದಿತು. ಕಡು ನುಡಿಯಿಂದ ಓದುಗನನ್ನು ಕೆರಳಿಸುವುದು ಅವರ ಮಾರ್ಗವಾಗಿರಲಿಲ್ಲ. ಬರವಣಿಗೆಯಲ್ಲಿ ಬಿರುಸು ಕಡಮೆಯಾಯಿತೆಂದು ಕೆಲವರಿಗೆ ಅನ್ನಿಸಿದ್ದುಂಟು. ಬಿರುಸನ್ನು ಬಯಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಈಗ ಜಗುಲಿಯ ಓದು ಹೋಗಿದೆ. ಸುದ್ದಿ ಅಂಗೈಯ ದೂರವಾಣಿಗೇ ಬಂದು ನಿಲ್ಲುತ್ತದೆ. ಅದನ್ನು ಒಂದು ಬೆರಳಿನಿಂದ ನೂರು ಮಂದಿಗೆ ದಾಟಿಸಬಹುದು. ನಡುವೆ ಸಂಪಾದಕನ ಮೇಜಿಲ್ಲ. ಹಾಗಾಗಿ ಡಿ.ವಿ.ಜಿ. ಪತ್ರಿಕಾಕರ್ತರಿಗೆ ಇಟ್ಟ ಪ್ರಶ್ನೆ ಈಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಮುಂದೆಯೂ ನಿಂತಿದೆ.

ಇಂತಹ ನಿಷ್ಠೆಗೆ ಬೆಲೆ ತೆತ್ತವರು ಡಿ.ವಿ.ಜಿ. ಒಬ್ಬರೇ ಅಲ್ಲ. ಅವರ ಪತ್ನಿ ಭಾಗೀರಥಮ್ಮನವರ ವಿಷಯವಾಗಿ ಒಂದು ಪ್ರಸಂಗವನ್ನು ಬಲ್ಲವರು ಹೇಳುತ್ತಾರೆ. ಬಂಧುಗಳ ಮನೆಯಲ್ಲಿ ಒಂದು ಶುಭಕಾರ್ಯ. ಭಾಗೀರಥಮ್ಮನವರು ಮಕ್ಕಳನ್ನು ಕಳುಹಿಸಿ ತಾವು ಮನೆಯಲ್ಲಿಯೇ ಉಳಿದರು. ಪತಿ ಕಾರಣ ಕೇಳಿದರು. ಉಟ್ಟುಕೊಂಡು ಹೋಗಲು ಇದ್ದ ಸೀರೆ ಹರಿದಿತ್ತು. ಅದನ್ನುಟ್ಟು ನಾಲ್ಕು ಜನರ ಮುಂದೆ ನಿಂತರೆ, ನೋಡಿದವರು ಗಂಡನನ್ನು ಹಗುರವಾಗಿ ಕಂಡಾರೆಂಬುದು ಆ ಸಾಧ್ವಿಯ ಅಳುಕು. ದಿವಾನರೊಡನೆ ಸರಿಸಮನಾಗಿ ಮಾತನಾಡುತ್ತಿದ್ದವರ ಮನೆಯ ಸ್ಥಿತಿ ಅದು. 1924ರಲ್ಲಿ ಅಗ್ನಿ ಆಕಸ್ಮಿಕಕ್ಕೆ ಸಿಕ್ಕಿ ಭಾಗೀರಥಮ್ಮನವರು ತೀರಿಕೊಂಡರು. ಮೂವತ್ತೇಳರ ವಯಸ್ಸಿನ ಡಿ.ವಿ.ಜಿ. ಮರುಮದುವೆಯಾಗಲಿಲ್ಲ. ಅವರ ಮಗ ಬಿ. ಜಿ. ಎಲ್. ಸ್ವಾಮಿಯವರು ಮುಂದೆ ಸಸ್ಯವಿಜ್ಞಾನಿಯಾಗಿ, ಕನ್ನಡದ ಲೇಖಕರಾಗಿ ಪ್ರಸಿದ್ಧರಾದರು.

1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷತೆ, ಮೈಸೂರು ಶಾಸನ ಪರಿಷತ್ತಿನ ಸದಸ್ಯತ್ವ, 1943ರಲ್ಲಿ ‘ಮಂಕುತಿಮ್ಮನ ಕಗ್ಗ’, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ: ಇವು ಕವಿ ಡಿ.ವಿ.ಜಿ.ಯವರ ಕಥೆಗೆ ಸೇರಿದವು. ಅದನ್ನು ವಿದ್ಯಾರ್ಥಿಗಳು ಬೇರೆಡೆ ಓದುತ್ತಾರೆ. ಪತ್ರಿಕಾಕರ್ತ ಡಿ.ವಿ.ಜಿ.ಯವರ ಕೊನೆಯ ದೊಡ್ಡ ಕೆಲಸವೆಂದರೆ 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಸಾರ್ವಜನಿಕ ಪ್ರಶ್ನೆಗಳನ್ನು ಕೂತು ಓದಿ, ಚರ್ಚಿಸಿ ತಿಳಿಯುವ ಅಭ್ಯಾಸವನ್ನು ತರುಣರಲ್ಲಿ ಬೆಳೆಸುವುದು ಅದರ ಉದ್ದೇಶ. 1970ರಲ್ಲಿ ಬೆಂಗಳೂರಿನ ನಾಗರಿಕರು ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಗಳನ್ನು ಅರ್ಪಿಸಿದಾಗ, ಆ ಮೊತ್ತವನ್ನು ಅವರು ಈ ಸಂಸ್ಥೆಗೇ ಒಪ್ಪಿಸಿಬಿಟ್ಟರು.

1975ರ ಅಕ್ಟೋಬರ್ 7ರಂದು ಡಿ.ವಿ.ಜಿ. ನಿಧನರಾದರು. ಆಮೇಲೆ ಅವರ ಹಳೆಯ ಪೆಟ್ಟಿಗೆಯಲ್ಲಿ ಸರ್ಕಾರದಿಂದ ಬಂದ ಚೆಕ್ಕುಗಳು ಸಿಕ್ಕಿದವೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಸರ್ಕಾರಕ್ಕೆ ಸಲಹೆ ನೀಡಿದಾಗ, ಬರೆದುಕೊಟ್ಟಾಗ ಸಂಭಾವನೆಯಾಗಿ ಬಂದವು ಅವು. ಹಿಂದಿರುಗಿಸಿದರೆ ಕೊಟ್ಟವರ ಮನಸ್ಸಿಗೆ ನೋವು. ತೆಗೆದುಕೊಂಡರೆ ನಾಳೆ ಬರೆಯುವ ಕೈಗೆ ಕಟ್ಟು. ಡಿ.ವಿ.ಜಿ. ಅವನ್ನು ಬ್ಯಾಂಕಿಗೆ ಒಯ್ಯದೆ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದರು. ಅವುಗಳ ಅವಧಿ ಮುಗಿದು ಎಷ್ಟೋ ವರ್ಷಗಳಾಗಿದ್ದವು.