ಗಾಯಕರ ಗುರು: ಅರೆಜ್ಜೊ ನಗರದ ಗ್ವೀದೊ

ಗಾನವೃಂದವಿಲ್ಲದ ಹಬ್ಬದ ಬಲಿಪೂಜೆಯನ್ನು ನಾವು ಊಹಿಸಿಕೊಳ್ಳಲಾರೆವು. ಆದರೆ ಸ್ವರಗಳನ್ನು ಗೆರೆಗಳ ಮೇಲೆ ಬರೆದು ಓದುವ ಕ್ರಮವನ್ನು ಧರ್ಮಸಭೆಗೆ ನೀಡಿದ ಸನ್ಯಾಸಿಯ ಹೆಸರನ್ನು ಬಲ್ಲವರು ವಿರಳ. ಗುರುಮಠದ ಗ್ರಂಥಾಲಯದಲ್ಲಿ ನಾಲ್ಕು ಗೆರೆಗಳ ಹಳೆಯ ಲತೀನ್ ಗಾನಪುಸ್ತಕವನ್ನು ಮೊದಲು ಬಿಡಿಸಿದಾಗ ನನಗೂ ಅದು ತಿಳಿದಿರಲಿಲ್ಲ.

ಗ್ವೀದೊರವರು ಜನಿಸಿದ್ದು ಸುಮಾರು 991ರಲ್ಲಿ. ಇಟಲಿಯ ಪೂರ್ವ ಕರಾವಳಿಯ ಸಮೀಪದ ಪೊಂಪೋಸಾದಲ್ಲಿದ್ದ ಸಂತ ಬೆನೆಡಿಕ್ಟರ ಸಭೆಯ ಮಠದಲ್ಲಿ ಅವರು ಸನ್ಯಾಸಿಯಾಗಿದ್ದರು. ಅಂದಿನ ಗಾನಪುಸ್ತಕಗಳಲ್ಲಿ ಪದಗಳ ಮೇಲಿದ್ದ ಚಿಹ್ನೆಗಳು ಸ್ವರದ ಏರಿಳಿತವನ್ನು ಸೂಚಿಸುತ್ತಿದ್ದವೇ ಹೊರತು, ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಬಹುಮಟ್ಟಿಗೆ ಖಚಿತವಾಗಿ ತಿಳಿಸುತ್ತಿರಲಿಲ್ಲ. ಗುರುವಿನ ಬಾಯಿಂದ ಕೇಳಿ ಕಂಠಪಾಠ ಮಾಡುವುದೇ ದಾರಿಯಾಗಿತ್ತು. ಹತ್ತು ವರ್ಷ ಕಲಿತವರೂ ಗುರುವಿನ ನೆರವಿಲ್ಲದೆ ಒಂದು ಹೊಸ ಗೀತೆಯನ್ನು ಹಾಡಲಾರರು. ಪ್ರಾರ್ಥನೆಗೂ ಶಾಸ್ತ್ರಾಧ್ಯಯನಕ್ಕೂ ಸಲ್ಲಬೇಕಾದ ಕಾಲವು ಹೀಗೆ ಕಳೆದುಹೋಗುವುದನ್ನು ಕಂಡು ಗ್ವೀದೊರವರು ಮರುಗಿದರು.

ಅವರು ಗೆರೆಗಳನ್ನೆಳೆದು, ಪ್ರತಿ ಗೆರೆಗೂ ಗೆರೆಗಳ ನಡುವಿನ ಪ್ರತಿ ಎಡೆಗೂ ಒಂದೊಂದು ಸ್ವರವನ್ನು ನಿಗದಿಪಡಿಸಿದರು. ಅರ್ಧಸ್ವರದ ಅಂತರ ಎಲ್ಲಿದೆಯೆಂದು ಕಣ್ಣಿಗೇ ಕಾಣಲೆಂದು ಒಂದು ಗೆರೆಗೆ ಕೆಂಪು, ಮತ್ತೊಂದಕ್ಕೆ ಹಳದಿ ಬಣ್ಣವಿತ್ತರು. ಇದನ್ನು ಕಲಿತ ಬಾಲಕನಿಗೆ ಗುರುವು ಸದಾ ಬಳಿಯಲ್ಲಿರಬೇಕಿಲ್ಲ. ಬಹುಶಃ ಇದೇ ಹಲವರಿಗೆ ಸಹಿಸಲಾಗದ ಮಾತಾಯಿತು. ಸ್ವಂತ ಮಠದ ಸಹೋದರರೇ ಅಸೂಯೆಗೊಂಡರು; ಮಠಾಧಿಪತಿಗಳೂ ಅವರ ಪಕ್ಷ ವಹಿಸಿದರು. ಸುಮಾರು 1025ರಲ್ಲಿ ಗ್ವೀದೊರವರು ಪೊಂಪೋಸಾವನ್ನು ತೊರೆದು ಅರೆಜ್ಜೊ ನಗರಕ್ಕೆ ಬಂದರು.

ಅಲ್ಲಿಯ ಧರ್ಮಾಧ್ಯಕ್ಷರಾದ ತೆವೊದಾಲ್ದೊರವರು ಅವರನ್ನು ಆದರಿಸಿ, ಪ್ರಧಾನಾಲಯದ ಗಾಯಕರಿಗೆ ಶಿಕ್ಷಣ ನೀಡುವ ಹೊಣೆಯನ್ನು ಒಪ್ಪಿಸಿದರು. ಗ್ವೀದೊರವರು ತಮ್ಮ ‘ಮಿಕ್ರೋಲೊಗುಸ್’ ಗ್ರಂಥವನ್ನು ಅರ್ಪಿಸಿರುವುದು ಇವರಿಗೇ. ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದನ್ನು ಅವರು ಪಾಠಕ್ಕೆ ಆರಿಸಿಕೊಂಡರು. ಅದರ ಮೊದಲ ಆರು ಚರಣಗಳು ಒಂದಕ್ಕಿಂತ ಒಂದು ಮೇಲಿನ ಸ್ವರದಲ್ಲಿ ಆರಂಭವಾಗುತ್ತವೆ. ಆ ಚರಣಗಳ ಮೊದಲ ಅಕ್ಷರಗಳೇ ಉತ್, ರೆ, ಮಿ, ಫಾ, ಸೊಲ್, ಲಾ. ಉತ್ ಎಂಬುದು ದೊ ಆದದ್ದೂ ಏಳನೆಯ ಸಿ ಸೇರಿದ್ದೂ ಅವರ ನಂತರದ ಕಾಲದಲ್ಲಿ. ನಮ್ಮ ಸರಿಗಮ ಇದಕ್ಕಿಂತ ಬಹು ಪ್ರಾಚೀನವೆಂಬುದು ನಿಜ. ಆದರೆ ಮಗುವಿನ ನೆನಪಿಗೆ ಹಿಡಿಯಲೊಂದು ಹೆಸರು ಬೇಕೆಂಬ ತಿಳಿವು ಎರಡರಲ್ಲಿಯೂ ಒಂದೇ. ಬೆರಳ ಗೆಣ್ಣುಗಳ ಮೇಲೆ ಸ್ವರಗಳನ್ನು ಗುರುತಿಸಿದ ‘ಗ್ವೀದೊ ಹಸ್ತ’ದ ಚಿತ್ರ ಪ್ರಸಿದ್ಧವಾದರೂ ಅವರ ಬರಹಗಳಲ್ಲಿ ಅದರ ಸುಳಿವಿಲ್ಲ.

ಈ ಕೀರ್ತಿ ರೋಮಿಗೂ ಮುಟ್ಟಿತು. ಸುಮಾರು 1028ರಲ್ಲಿ ಜಗದ್ಗುರು 19ನೆಯ ಯೊವಾನ್ನರು ಅವರನ್ನು ಕರೆಸಿಕೊಂಡು ಗಾನಪುಸ್ತಕವನ್ನು ತಿರುವಿ ನೋಡಿದರು. ತಾವೆಂದೂ ಕೇಳದ ಒಂದು ಚರಣವನ್ನು ಸ್ವತಃ ಹಾಡಿ ಬೆರಗಾದರು. ಜಗದ್ಗುರುಗಳೇ ಬಾಲಶಿಷ್ಯರಂತೆ ಪಾಠ ಕಲಿತ ಆ ದಿನವನ್ನು ನೆನೆದರೆ ಇಂದಿಗೂ ಸಂತೋಷವಾಗುತ್ತದೆ. ಆದರೆ ರೋಮಿನ ಬೇಸಿಗೆಯ ಧಗೆ ಗ್ವೀದೊರವರ ದೇಹಕ್ಕೆ ಒಗ್ಗದೆ, ಅವರು ಅಲ್ಲಿ ಹೆಚ್ಚು ಕಾಲ ನಿಲ್ಲಲಾಗಲಿಲ್ಲ.

ಆ ದಿನಗಳಲ್ಲಿಯೇ ಪೊಂಪೋಸಾದ ಮಠಾಧಿಪತಿಗಳ ಭೇಟಿಯಾಯಿತು. ಗಾನಪುಸ್ತಕವನ್ನು ಪರಿಶೀಲಿಸಿದ ಅವರು, ಹಿಂದೆ ಅಸೂಯಾಪರರ ಮಾತಿಗೆ ಕಿವಿಗೊಟ್ಟುದಕ್ಕಾಗಿ ಪಶ್ಚಾತ್ತಾಪಪಟ್ಟು, ಮಠಕ್ಕೆ ಮರಳಬೇಕೆಂದು ಕೇಳಿಕೊಂಡರು. ಗ್ವೀದೊರವರು ಇದೆಲ್ಲವನ್ನೂ ಕಷ್ಟಕಾಲದ ಸಂಗಾತಿ ಸಹೋದರ ಮಿಕಾಯೇಲರಿಗೆ ಪತ್ರದಲ್ಲಿ ತಿಳಿಸಿ, ಅದರಲ್ಲಿಯೇ ಪಾಠಕ್ರಮವನ್ನೂ ವಿವರಿಸಿದರು. ಹತ್ತು ವರ್ಷಗಳ ಕಲಿಕೆ ಇನ್ನು ಒಂದೆರಡು ವರ್ಷಗಳಲ್ಲಿ ಮುಗಿಯುವುದರಿಂದ, ಹೀಗೆ ಸುಲಭವಾಗಿ ಕಲಿಯುವ ಮುಂದಿನವರು ತಮ್ಮಿಬ್ಬರ ಪಾಪಕ್ಷಮೆಗಾಗಿ ಪ್ರಾರ್ಥಿಸುವರೆಂಬ ಆಶೆಯನ್ನು ಅಲ್ಲಿ ಬರೆದಿಟ್ಟರು.