ಆಚಾರ್ಯರು ದಾಸರಾದ ಬಗೆ

ಹರಿಕಥಾಮೃತಸಾರವನ್ನು ಪಾರಾಯಣ ಮಾಡುವ ಬಾಲಾನಗರದ ಭಗವದ್ಭಕ್ತರಿಗೆ ಅದರ ಕರ್ತೃಗಳಾದ ಶ್ರೀ ಜಗನ್ನಾಥದಾಸಾರ್ಯರು ದೂರದವರೇನಲ್ಲ. ಅವರು ನೆಲೆಸಿದ ಮಾನವಿಯು 1956ರವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿತ್ತು. ಅವರ ಗುರುಗಳಾದ ಶ್ರೀ ಗೋಪಾಲದಾಸರ ಉತ್ತನೂರು ಇಂದಿಗೂ ತೆಲಂಗಾಣದ ಗದ್ವಾಲ ಪ್ರಾಂತದಲ್ಲಿದೆ. ನಮ್ಮ ನೆರೆಯಲ್ಲಿಯೇ ನಡೆದ ಈ ಚರಿತ್ರೆಯು ಸಾಧಕನಾದವನು ತನ್ನನ್ನು ತಾನು ಹೇಗೆ ಪರೀಕ್ಷಿಸಿಕೊಳ್ಳಬೇಕೆಂಬುದಕ್ಕೆ ಕನ್ನಡಿಯಂತಿದೆ.

ಮಾನವಿ ತಾಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಅವರ ಜನನವಾಯಿತು. ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಮಂತ್ರಾಲಯ ಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಎಳೆವಯಸ್ಸಿನಲ್ಲಿಯೇ ಶ್ರೀನಿವಾಸಾಚಾರ್ಯರೆಂದು ಪ್ರಖ್ಯಾತರಾದರು. ವಿದ್ಯೆಯೊಡನೆ ವಿದ್ಯಾಮದವೂ ಬೆಳೆಯಿತು. ಗೆಜ್ಜೆ ಕಟ್ಟಿ, ತಾಳ ಹಿಡಿದು, ಕನ್ನಡದಲ್ಲಿ ಹರಿಮಹಿಮೆಯನ್ನು ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ.

ಆ ಕಾಲದಲ್ಲಿ ಚೀಕಲಪರವಿಯ ಶ್ರೀ ವಿಜಯದಾಸರು ಮಾನವಿಗೆ ಬಿಜಯಮಾಡಿ, ತಮ್ಮ ಸಂತರ್ಪಣೆಗೆ ಆಚಾರ್ಯರನ್ನೂ ಆಹ್ವಾನಿಸಿದರಂತೆ. ದಾಸರ ಪಂಕ್ತಿಯಲ್ಲಿ ಕುಳಿತುಣ್ಣಲು ಮನಸ್ಸಿಲ್ಲದ ಆಚಾರ್ಯರು, ಉದರವ್ಯಥೆಯಿರುವುದರಿಂದ ಕಾದಿರಲಾಗದೆಂಬ ನೆಪ ಹೇಳಿ ಕಳುಹಿಸಿದರು. ಹೇಳಿದ ನೆಪವೇ ನಿಜವಾಯಿತೆಂದು ಸಂಪ್ರದಾಯವು ಹೇಳುತ್ತದೆ. ಅಸಾಧ್ಯವಾದ ಉದರಶೂಲೆ ಅವರನ್ನು ಹಿಡಿಯಿತು, ಔಷಧೋಪಚಾರಗಳೆಲ್ಲ ವಿಫಲವಾದವು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ವ್ಯಾಧಿಯನ್ನು ಕಾಣುವುದು ಸುಲಭ. ಅದರ ಮೂಲವನ್ನು ತನ್ನಲ್ಲಿ ಕಾಣುವುದು ಕಷ್ಟ. ಪ್ರಾರಬ್ಧವೆಂದು ಹೇಳಿ ಸುಮ್ಮನಿರುವುದಕ್ಕೆ ಬೇಕಾದ ಪ್ರಮಾಣಗಳೆಲ್ಲ ಆ ಪಂಡಿತರ ನಾಲಗೆಯ ತುದಿಯಲ್ಲಿದ್ದವು. ಆದರೆ ಅವರು ಒಳಗನ್ನು ನೋಡಿಕೊಂಡರು. ನೆಪದ ಕೆಳಗೆ ಸುಳ್ಳು, ಸುಳ್ಳಿನ ಕೆಳಗೆ ತಾತ್ಸಾರ, ತಾತ್ಸಾರದ ಕೆಳಗೆ ಈ ವಿದ್ಯೆ ತನ್ನ ಸಂಪಾದನೆಯೆಂಬ ಅಹಂಕಾರ. ಹರಿಯೊಬ್ಬನೇ ಸ್ವತಂತ್ರನೆಂಬ ಸಿದ್ಧಾಂತವು ಬಾಯಲ್ಲಿದ್ದಿತೇ ಹೊರತು ಹೃದಯಕ್ಕೆ ಇಳಿದಿರಲಿಲ್ಲ. ಈ ಅರಿವೇ ಅವರ ಚಿಕಿತ್ಸೆಯ ಆರಂಭವೆಂದು ನನಗೆ ತೋರುತ್ತದೆ.

ಶರಣಾಗಿ ಬಂದವರನ್ನು ವಿಜಯದಾಸರು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಪ್ರಸಾದವಾಗಿತ್ತು ರೋಗವನ್ನು ಪರಿಹರಿಸಿದರೆಂದೂ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದೂ ಪ್ರತೀತಿ. ಪರಮಾನ್ನದ ಪಂಕ್ತಿಯನ್ನು ತೊರೆದವರಿಗೆ ಜೋಳದ ರೊಟ್ಟಿಯೇ ಅಮೃತವಾಯಿತು. ಬಳಿಕ ಪಂಢರಾಪುರದ ಚಂದ್ರಭಾಗೆಯಲ್ಲಿ ಮಿಂದಾಗ ಜಗನ್ನಾಥವಿಠಲ ಎಂಬ ಅಂಕಿತವು ಅವರಿಗೆ ಲಭಿಸಿತು. ಆಚಾರ್ಯರು ದಾಸರಾದರು.

ದಾಸರಾದರೆಂದು ಶಾಸ್ತ್ರವನ್ನು ತೊರೆಯಲಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ಕರೆದು ಹರಿಕಥಾಮೃತಸಾರವನ್ನು ರಚಿಸಿದರು. ಒಮ್ಮೆ ಊಟದ ಕರೆಯನ್ನು ತಿರಸ್ಕರಿಸಿದವರು ಅದರಲ್ಲಿ ಭೋಜನಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟು, ಅನ್ನದಲ್ಲಿಯೂ ರಸದಲ್ಲಿಯೂ ನೆಲೆಸಿರುವ ಭಗವದ್ರೂಪಗಳನ್ನು ತೋರಿಸಿದರು. ಶ್ವಾಸಸಂಧಿಯಲ್ಲಿ, ದಿನವೊಂದಕ್ಕೆ 21,600 ಶ್ವಾಸಗಳಿಂದ ವಾಯುದೇವರು ನಮ್ಮೊಳಗಿದ್ದು ನಡೆಸುವ ಹಂಸಮಂತ್ರ ಜಪವನ್ನು ತಿಳಿಸಿದರು. ಉಣ್ಣುವ ತುತ್ತಿನಲ್ಲಿ, ಬಿಡುವ ಉಸಿರಿನಲ್ಲಿ ಬಿಂಬಮೂರ್ತಿಯು ಇರುವಾಗ ಸಾಮೀಪ್ಯವನ್ನು ಹೊರಗೆಲ್ಲಿ ಅರಸಬೇಕು? ನಡುವೆ ಅಡ್ಡವಾಗಿರುವುದು ನಾನೆಂಬುದೊಂದೇ.

1809ರಲ್ಲಿ, ಭಾದ್ರಪದ ಶುದ್ಧ ನವಮಿಯಂದು, ದಾಸಾರ್ಯರು ಹರಿಪುರವನ್ನು ಸೇರಿದರು. ಮಾನವಿಯ ಅವರ ಮನೆಯ ಸ್ತಂಭದಲ್ಲಿ ಅವರ ಸನ್ನಿಧಾನವಿದೆಯೆಂದು ನಂಬಿ ಭಕ್ತರು ಇಂದಿಗೂ ಸೇವೆ ಸಲ್ಲಿಸುತ್ತಾರೆ. ಅವರ ಕನ್ನಡ ಗ್ರಂಥಕ್ಕೆ ಮುಂದೆ ಸಂಸ್ಕೃತದಲ್ಲಿಯೇ ವ್ಯಾಖ್ಯಾನ ಹುಟ್ಟಿತೆಂಬುದು ಪಂಡಿತರು ಮನನ ಮಾಡಬೇಕಾದ ಸಂಗತಿ.

ಸಂಸ್ಕೃತವನ್ನು ಓದಿಕೊಂಡ ನಾನೂ ಮಠದಲ್ಲಿ ಮಾತೆಯರು ದಾಸರ ಪದಗಳನ್ನು ಹಾಡುವಾಗ ಗ್ರಂಥವನ್ನು ಬಿಚ್ಚಿಕೊಂಡು ದೂರ ಕುಳಿತವನೇ. ಓದುವ ಅವಸರವೆಂದು ನೆಪ ಹೇಳುತ್ತಿದ್ದೆ. ಈ ಚರಿತ್ರೆಯನ್ನು ಬರೆಯುವಾಗ ಆ ನೆಪದ ನಿಜಸ್ವರೂಪವು ಕಂಡಿತು. ರಾತ್ರಿ ಮಲಗುವ ಮುನ್ನ, ಇಂದು ಹೇಳಿದ ನೆಪ ಯಾವುದು, ಅದರ ಕೆಳಗೆ ಅಡಗಿದ್ದುದು ಏನು ಎಂದು ಪ್ರತಿಯೊಬ್ಬರೂ ಬಿಂಬಮೂರ್ತಿಯ ಮುಂದೆ ಕೇಳಿಕೊಳ್ಳೋಣ. ದಾಸಾರ್ಯರು ಅದಕ್ಕೆ ಬೇಕಾದ ಧೈರ್ಯವನ್ನು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥