ನೆಲದಡಿಯ ಚಿನ್ನವನ್ನು ನಂಬಿದ ಲ್ಯಾವೆಲ್

ಮಕ್ಕಳೇ, ಸಂತೆಯಲ್ಲಿ ಮಾವಿನ ಹಣ್ಣನ್ನು ಹೇಗೆ ಕೊಳ್ಳುತ್ತೀರಿ? ಕೈಯಲ್ಲಿ ಹಿಡಿದು, ಮೂಸಿ ನೋಡಿ, ಚೆನ್ನಾಗಿದ್ದರೆ ಕೊಳ್ಳುತ್ತೀರಿ. ಆದರೆ ನೂರಾರು ಅಡಿ ಆಳದಲ್ಲಿ ಇದೆಯೋ ಇಲ್ಲವೋ ತಿಳಿಯದ ಚಿನ್ನವನ್ನು ಮಾರುವುದು ಹೇಗೆ? ಕೊಳ್ಳುವವರಾದರೂ ಯಾರು? ಇಂಥ ಕಷ್ಟದ ಕೆಲಸಕ್ಕೆ ಕೈ ಹಾಕಿದವನೊಬ್ಬನ ಕಥೆ ಇಲ್ಲಿದೆ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಆತನದೇ ಹೆಸರು.

ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಐರ್ಲೆಂಡ್ ಮೂಲದ ಸೈನಿಕ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಮಾಡಿದ್ದ ಆತನಿಗೆ ಅಲ್ಲಿಯೇ ಚಿನ್ನದ ಗಣಿಗಾರಿಕೆಯ ಬಗ್ಗೆ ಆಸಕ್ತಿ ಹುಟ್ಟಿತ್ತು. ನಿವೃತ್ತನಾದ ಮೇಲೆ ಬೆಂಗಳೂರು ದಂಡು ಪ್ರದೇಶದಲ್ಲಿ ನೆಲೆಸಿದ. 1871ರಲ್ಲಿ ಒಂದು ಹಳೆಯ ವರದಿ ಆತನ ಕೈಗೆ ಸಿಕ್ಕಿತು.

ಅದನ್ನು ಬರೆದವರು ಜಾನ್ ವಾರೆನ್ ಎಂಬ ಸೇನಾಧಿಕಾರಿ. 1802ರಲ್ಲಿ ಮೈಸೂರಿನ ಗಡಿಯ ಸರ್ವೆ ಮಾಡುತ್ತಿದ್ದಾಗ, ಕೋಲಾರದ ಬಳಿಯ ನೆಲದಲ್ಲಿ ಚಿನ್ನವಿದೆ ಎಂಬ ಮಾತು ಅವರ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಹೇಳಿದರು. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ಅವರ ಎದುರಿನಲ್ಲಿಯೇ ನೀರಿನಲ್ಲಿ ತೊಳೆದರು. ತಳದಲ್ಲಿ ಚಿನ್ನದ ಕಣಗಳು ಹೊಳೆದವು! ನಿಜವಾಗಿ ಚಿನ್ನದ ಸುಳಿವು ಕೊಟ್ಟವರು ಈ ಹಳ್ಳಿಗರೇ ಎಂಬುದನ್ನು ಮರೆಯಬೇಡಿ.

ವರದಿ ಓದಿದ ಲ್ಯಾವೆಲ್ ಸುಮ್ಮನೆ ಕೂರಲಿಲ್ಲ. ಎತ್ತಿನ ಗಾಡಿ ಹತ್ತಿ ಸುಮಾರು 100 ಕಿಲೋಮೀಟರ್ ದೂರದ ಕೋಲಾರ ಸೀಮೆಗೆ ಹೊರಟ. ಅಲ್ಲಿ ಹಿಂದಿನವರು ತೋಡಿದ್ದ ಹಳೆಯ ಗುಂಡಿಗಳಿದ್ದವು. ಇಷ್ಟು ಕಷ್ಟಪಟ್ಟು ಬಂಡೆ ಕೊರೆದಿದ್ದಾರೆ ಎಂದರೆ ಏನೋ ಸಿಕ್ಕಿರಲೇಬೇಕಲ್ಲವೇ? 1873ರಲ್ಲಿ ಗಣಿ ತೋಡಲು ಅನುಮತಿ ಕೇಳಿದ. 1875ರ ಫೆಬ್ರವರಿ 2ರಂದು 20 ವರ್ಷಗಳ ಗುತ್ತಿಗೆ ದೊರೆಯಿತು. ಅದೇ ವರ್ಷ ಊರಿಗಾಂ ಬಳಿ ಅಗೆಯಲು ಆರಂಭಿಸಿದ.

ಆದರೆ ಗಣಿ ಎಂದರೆ ಬಾವಿ ತೋಡಿದಂತಲ್ಲ. ಕೋಲಾರದ ಚಿನ್ನ ಬೆಣಚುಕಲ್ಲಿನ ಪಟ್ಟಿಗಳಲ್ಲಿ ಅಡಗಿದೆ. 250 ಕೋಟಿ ವರ್ಷಗಳಿಗೂ ಹಿಂದೆ ಬಂಡೆಯ ಬಿರುಕುಗಳಲ್ಲಿ ಹರಿದ ಬಿಸಿನೀರು ಈ ಕಲ್ಲನ್ನೂ ಚಿನ್ನವನ್ನೂ ಅಲ್ಲಿ ಉಳಿಸಿಹೋಯಿತು. ಅದನ್ನು ತೆಗೆಯಲು ಸಿಡಿಮದ್ದು, ಯಂತ್ರ, ನೂರಾರು ಕೆಲಸಗಾರರು ಬೇಕು. ಲ್ಯಾವೆಲ್ ಬಳಿ ಅಷ್ಟು ಹಣ ಎಲ್ಲಿಂದ ಬರಬೇಕು? ಕೈಯಲ್ಲಿ ಗುತ್ತಿಗೆಯ ಕಾಗದವಿದ್ದರೂ ಗಣಿ ಮಾಡುವ ಶಕ್ತಿ ಇರಲಿಲ್ಲ. ಕೊನೆಗೆ 1877ರಲ್ಲಿ ತನ್ನ ಹಕ್ಕನ್ನು ಮದರಾಸು ಸೇನೆಯ ಅಧಿಕಾರಿ ಬೆರೆಸ್‌ಫರ್ಡ್ ಮತ್ತು ಅವರ ಸಂಗಡಿಗರಿಗೆ ವರ್ಗಾಯಿಸಿದ.

ಮುಂದೆ ಇಂಗ್ಲೆಂಡಿನಲ್ಲಿ ಕಂಪನಿಗಳು ಹುಟ್ಟಿದವು. ಅವು ಷೇರುಗಳನ್ನು ಮಾರಿ ಹಣ ಕೂಡಿಸಿದವು. ಷೇರು ಎಂದರೇನು ಗೊತ್ತೇ? ಒಬ್ಬರಿಂದ ಆಗದ ಖರ್ಚನ್ನು ಹಲವರು ಹಂಚಿಕೊಳ್ಳುವ ಏರ್ಪಾಡು. ಲಾಭ ಬಂದರೆ ಎಲ್ಲರಿಗೂ ಪಾಲು. ಏನೂ ಸಿಗದಿದ್ದರೆ ಎಲ್ಲರ ಹಣವೂ ಮಣ್ಣುಪಾಲು! ಅದೇ ಕಾಲದಲ್ಲಿ ವಯನಾಡಿನಲ್ಲಿಯೂ ಹೀಗೆಯೇ ಅನೇಕ ಕಂಪನಿಗಳು ಆರಂಭವಾದವು. ಆದರೆ ಸಿಕ್ಕ ಚಿನ್ನ ತೀರ ಸ್ವಲ್ಪ. ನಂಬಿ ಹಣ ಹಾಕಿದವರು ಕೈ ಸುಟ್ಟುಕೊಂಡರು.

ಕೋಲಾರದಲ್ಲಿಯೂ ಅದೇ ಆಗುವುದರಲ್ಲಿತ್ತು. ಮೈಸೂರು ಗಣಿ ಕಂಪನಿಯ ಹಣ ಬಹುತೇಕ ಕರಗಿತ್ತು. ಆಗ ಗಣಿ ತಜ್ಞರಾದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಉಳಿದ ಹಣದಲ್ಲಿ ಇನ್ನೊಮ್ಮೆ ಪ್ರಯತ್ನಿಸಲು ಸಲಹೆ ಕೊಟ್ಟರು. ಹಳೆಯ ಗುಂಡಿಗಳ ತಳವನ್ನೂ ದಾಟಿ ಅಗೆದಾಗ ಚಿನ್ನ ತುಂಬಿದ ಬೆಣಚುಕಲ್ಲಿನ ಪಟ್ಟಿ ಸಿಕ್ಕಿತು. ಅದೇ ಪ್ರಸಿದ್ಧ ಚಾಂಪಿಯನ್ ಪಟ್ಟಿ. ಸುಮಾರು 120 ವರ್ಷಗಳಲ್ಲಿ ಕೋಲಾರ ಸುಮಾರು 800 ಟನ್ ಚಿನ್ನ ಕೊಟ್ಟಿತು. ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಸೆಕೆಯಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದು ಪ್ರಾಣ ತೆತ್ತ ಕಾರ್ಮಿಕರು ಅನೇಕರು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, ತೆಗೆಯುವ ಖರ್ಚೇ ಹೆಚ್ಚಾದಾಗ 2001ರಲ್ಲಿ ಗಣಿಗಳು ಮುಚ್ಚಿದವು.

ಹಾಗಾದರೆ ಲ್ಯಾವೆಲ್ ಮಾರಿದ್ದು ಏನನ್ನು? ಚಿನ್ನವನ್ನಲ್ಲ, ಚಿನ್ನ ಇರಬಹುದೆಂಬ ಭರವಸೆಯನ್ನು. ಭರವಸೆಗೆ ಆಧಾರ ಬೇಕು. ಹಳ್ಳಿಯವರು ತೊಳೆದು ತೋರಿಸಿದ ಕಣ, ಹಳೆಯ ಗುಂಡಿ, ತಾನೇ ಹೋಗಿ ಕಂಡ ನೆಲ ಇವು ಆತನ ಆಧಾರಗಳು. ಆದರೂ ಅವು ಸುಳಿವುಗಳು ಮಾತ್ರ. ಅಗೆದು ನೋಡುವ ತನಕ ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಯಾರಾದರೂ ನಿಮಗೆ ದೊಡ್ಡ ಲಾಭದ ಆಸೆ ತೋರಿಸಿದರೆ, ಕಣ್ಣಾರೆ ಕಂಡದ್ದು ಎಷ್ಟು, ಬರೀ ಊಹೆ ಎಷ್ಟು ಎಂದು ಮೊದಲು ಕೇಳಿ.

ಮಾಡಿ ನೋಡಿ: ಒಂದು ತಟ್ಟೆಯಲ್ಲಿ ಹಿಡಿ ಮರಳು ಮತ್ತು ನಾಲ್ಕಾರು ಸಣ್ಣ ಕಬ್ಬಿಣದ ಚೂರುಗಳನ್ನು ಬೆರೆಸಿ. ನೀರು ಹಾಕಿ ನಿಧಾನವಾಗಿ ಅಲುಗಾಡಿಸುತ್ತ, ತಟ್ಟೆಯನ್ನು ಓರೆ ಮಾಡಿ ನೀರು ಚೆಲ್ಲಿ. ಮತ್ತೆ ಮತ್ತೆ ಹೀಗೆ ಮಾಡಿ. ಮರಳು ಹೋಗಿ ಕಬ್ಬಿಣ ಉಳಿಯುತ್ತದೆ. ಚಿನ್ನವಂತೂ ನೀರಿಗಿಂತ 19 ಪಟ್ಟು ಭಾರ. ಅಂದು ಹಳ್ಳಿಯವರು ವಾರೆನ್‌ಗೆ ಚಿನ್ನ ತೋರಿಸಿದ್ದು ಹೇಗೆ ಎಂದು ಈಗ ನೀವೇ ವಿವರಿಸಬಲ್ಲಿರಾ?